ಕೋರಾ ರೂಪಾಯಿ

ಗಂಗಾವತಿಯಲ್ಲಿ ಕಳ್ಳರಿಗಿಂತ ಹುಣಸೆಹಣ್ಣಿಗೆ ಹೆಚ್ಚು ಹೆದರುವ ಮನುಷ್ಯ ಒಬ್ಬರೇ ಇದ್ದಾರೆ: ನಮ್ಮ ಓಣಿಯಲ್ಲಿ ಗಡಿಯಾರ ರಿಪೇರಿ ಮಾಡುವ ಚಾಚಾ. ನಾನು ಪತ್ರಿಕೆಯಲ್ಲಿ ಕೆಲಸ ಮಾಡುವವನು, ಖಚಿತಪಡಿಸಿಕೊಳ್ಳದೆ ಬರೆಯುವುದಿಲ್ಲ. ಇದು ಕಣ್ಣಾರೆ ಕಂಡದ್ದು!

ಚಾಚಾ ಹಳೆಯ ನಾಣ್ಯ ಕೂಡಿಡುತ್ತಾರೆ. ಅವರ ಪ್ರಕಾರ ಲೋಕಕ್ಕೆ ನಾಲ್ಕೇ ದರ್ಜೆ. ಚಲಾವಣೆಯನ್ನೇ ಕಾಣದ್ದು ‘ಕೋರಾ’. ಆಮೇಲೆ ‘ಛಲೋ’, ‘ನಡೀತೈತಿ’, ಕೊನೆಗೆ ‘ಸವದೈತಿ’. ಉಬ್ಬಿದ ಜಾಗ ಮೊದಲು ಸವೆಯುತ್ತದಂತೆ. ಆದ್ದರಿಂದ ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯಬೇಕು. ಕೊಪ್ಪಳದ ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನೂ ಬಾಗಿಲಲ್ಲೇ ನಿಂತು ಭೂತಗನ್ನಡಿಯಲ್ಲಿ ನೋಡುತ್ತಾರೆ.

"ಅಸಲಿ ಐತ್ರಿ ಚಾಚಾ, ಒಳಗ ನಡೀರಿ!"

"ಅಸಲಿ ಐತಿ ಖರೆ. ಅಂಚು ಜಜ್ಜೈತಲ್ಲ?"

ನನ್ನ ವರದಿಗಳಿಗೂ ದರ್ಜೆ ಉಂಟು. ಇಪ್ಪತ್ತು ವರ್ಷಗಳಲ್ಲಿ ಒಂದೂ ‘ನಡೀತೈತಿ’ ದಾಟಿಲ್ಲ.

ಒಮ್ಮೆ ದೀಪಾವಳಿಗೆ ಅವ್ವ ದೇವರ ಜಗುಲಿಯ ಬೆಳ್ಳಿ ರೂಪಾಯಿಯನ್ನು ಹುಣಸೆಹಣ್ಣು, ಬೂದಿ ಹಾಕಿ ಫಳಫಳ ತಿಕ್ಕಿದಳು. ಹೆಮ್ಮೆಯಿಂದ ಒಯ್ದು ತೋರಿಸಿದೆ. ಚಾಚಾ ಸ್ಟೂಲಿನ ಮೇಲೆ ಕುಸಿದು ಕುಳಿತರು.

"ನೂರು ವರ್ಷ ಕುಂತ ಬಣ್ಣ ಅರ್ಧ ತಾಸಿನ್ಯಾಗ ತಗದಾರಲ್ಲೋ ನಿಮ್ಮವ್ವಾರು!"

ಅವ್ವನಿಗೆ ಇದನ್ನು ಮುಟ್ಟಿಸಿದೆ. "ದೇವರ ಮುಂದ ಕರಿ ರೂಪಾಯಿ ಇಡಬೇಕಂತೇನು? ಮೊದ್ಲ ಅವರ ಮಾರಿ ತೊಳಕೊಳ್ಳಂತ ಹೇಳು!"

ಎರಡೂ ಕಡೆಯ ಹೇಳಿಕೆ ದಾಖಲಿಸಿದ್ದೇನೆ, ತೀರ್ಪು ಓದುಗರದು.

ಚಾಚಾರ ಬಳಿ ಕೋರಾ ಇದ್ದದ್ದು ಒಂದೇ: ಚಾರ್‌ಮಿನಾರಿನ ಚಿತ್ರವಿದ್ದ, ನಿಜಾಮರ ಕಾಲದ ಬೆಳ್ಳಿ ರೂಪಾಯಿ. ಮಿನಾರುಗಳ ತುದಿಯೂ ಮಾಸಿರಲಿಲ್ಲ. ಅದನ್ನು ನೋಡಲು ನಮಗೆ ಅವಕಾಶವಿತ್ತು, ಹತ್ತಿರ ಉಸಿರು ಬಿಡಲು ಇರಲಿಲ್ಲ!

ಹೋದ ವರ್ಷ ಹೃದಯದ ಆಪರೇಷನ್ನಿಗೆಂದು ನಾನು ಹುಬ್ಬಳ್ಳಿಗೆ ಹೊರಟೆ. ಉಳಿಯುತ್ತೇನೆಂದು ವೈದ್ಯರೂ ಖಚಿತವಾಗಿ ಹೇಳಿರಲಿಲ್ಲ. ಚಾಚಾ ಬಂದು, ಹಸಿರು ಬಟ್ಟೆಯಲ್ಲಿ ಸುತ್ತಿದ ನಾಣ್ಯವೊಂದನ್ನು ನನ್ನ ಬಲತೋಳಿಗೆ ಕಟ್ಟಿದರು. ಊರು ಬಿಟ್ಟು ಹೊರಟವರಿಗೆ ಅವರ ಮನೆಗಳಲ್ಲಿ ಹೀಗೆ ಕಟ್ಟುತ್ತಾರೆ. ಕ್ಷೇಮವಾಗಿ ಮರಳಿದರೆ ಆ ನಾಣ್ಯವನ್ನು ಬಡವರಿಗೆ ಕೊಟ್ಟುಬಿಡಬೇಕು. ಯಾವ ನಾಣ್ಯವಾದರೂ ಆದೀತು. ಬಸ್ಸಿನ ಚಿಲ್ಲರೆಯೂ.

ಆಪರೇಷನ್ನಿಗೆ ಮುಂಚೆ ನರ್ಸ್ ಅದನ್ನು ಬಿಚ್ಚಿಸಿದರು. ನಾನು ಹೊರಬರುವವರೆಗೂ ಅವ್ವ ಅದನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದಳಂತೆ. ಊರಿಗೆ ಬಂದು ಚಾಚಾರ ಮುಂದೆ ಗಂಟು ಬಿಚ್ಚಿದರೆ ಚಾರ್‌ಮಿನಾರು! ಮೈತುಂಬ ಬೆವರಿನ ಕಲೆ.

"ಅಣ್ಣಾರ, ತೊಳದು ಕೊಡ್ಲೇನ್ರಿ?" ಅವ್ವನ ದನಿ ಸಣ್ಣದಾಗಿತ್ತು.

"ತೊಳೀರಿ ಅಕ್ಕಾರ. ಹುಣಸೆಹಣ್ಣು ಹಾಕೇ ತೊಳೀರಿ. ತಗೊಳ್ಳವ್ರಿಗೆ ಹೊಳಿಯೋದ ಬೇಕಾಗತೈತಿ."

ಹೊಳೆಯುವ ಆ ರೂಪಾಯಿಯನ್ನು ಚಾಚಾ ಅಂಚಿನಲ್ಲಿ ಹಿಡಿಯದೆ, ಅಂಗೈ ತುಂಬ ಹಿಡಿದು ಒಯ್ದು, ದರ್ಗಾದ ಬಾಗಿಲಲ್ಲಿ ಕೂರುವ ಮುದುಕಿಗೆ ಕೊಟ್ಟು ಬಂದರು. ಬಂದವರೇ ನನ್ನ ಅಂಗಿ ಸರಿಸಿ, ಎದೆಯ ಹೊಲಿಗೆಯ ಗುರುತಿನ ಮೇಲೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಗೀರು ಬಿದ್ದೈತಿ," ಅಂದರು. "ಚಲಾವಣಿಗೆ ಅಡ್ಡಿ ಇಲ್ಲ."