ಮಿರ್ಚಿ ಕಟ್ಟಿದ ಹಾಳೆ

ನಳದಲ್ಲಿ ನೀರು ಬಂದು ಹೋದಾಗ ಶಿವಯೋಗಿ ಮಾಸ್ತರರು ಕಾದಂಬರಿಯೊಂದರ ನಡುವೆ ಇದ್ದರು. ಬೆಟಗೇರಿಯಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ಗದಗ ಜಿಲ್ಲೆಯಾದ ಮೇಲೆ ಊರಿಗೆ ಹೊಸ ಬೋರ್ಡುಗಳು ಬಂದವು, ಹೊಸ ಸಾಹೇಬರು ಬಂದರು. ನೀರು ಮಾತ್ರ ಹಳೆಯ ಜಿಲ್ಲೆಯಲ್ಲೇ ಉಳಿದುಬಿಟ್ಟಂತೆ ವಾರಗಟ್ಟಲೆ ಮುಖ ತೋರಿಸುತ್ತಿರಲಿಲ್ಲ. ಅಂಥ ನೀರು ಬಂದು, ಖಾಲಿ ಕೊಡಗಳ ಪಕ್ಕದಲ್ಲೇ ಮೋರಿಗೆ ಹರಿದು, ನಿಂತೂ ಹೋಗಿತ್ತು.

ಹೆಂಡತಿ ವಾಣಿಶ್ರೀ ಮರುದಿನವೇ ತವರೂರು ಅಡರಕಟ್ಟಿಯ ದಾರಿ ಹಿಡಿದಳು. ಹೋಗುವಾಗ ಹೇಳಿದ್ದು ಇಷ್ಟೇ: "ಆಯ್ತವಾರ ಸಂಜಿ ಬಸ್ಸಿಗೆ ಬರ್ತೀನಿ. ಮನ್ಯಾಗ ಒಂದ ಪುಸ್ತಕ ಕಂಡ್ರೂ ಹೊಸ್ತಿಲಾ ದಾಟಂಗಿಲ್ಲ. ಆಮ್ಯಾಲ ನಿಮಗ ನಿಮ್ಮ ಕಾದಂಬರೀನ ರೊಟ್ಟಿ ಬಡೀಲಿ."

ಅವಳು ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ. ಆದಿತ್ಯವಾರ ಬೆಳಿಗ್ಗೆ ಮಾಸ್ತರರು ಕಾದಂಬರಿಗಳನ್ನೆಲ್ಲ ಚೀಲಕ್ಕೆ ತುಂಬಿ, ಹೆಣ ಹೊತ್ತವರಂತೆ ಮುಖ ಮಾಡಿಕೊಂಡು ಓಣಿಯ ಮೂಲೆಯ ನಬಿಸಾಬನ ಮಿರ್ಚಿ ಭಜಿ ಅಂಗಡಿಗೆ ಸಾಗಿಸಿದರು. ನಬಿಸಾಬ ಮಿರ್ಚಿ ಕಟ್ಟಿಕೊಡಲು ರದ್ದಿ ಕೊಳ್ಳುತ್ತಿದ್ದ. ಕೊಂಡ ಪುಸ್ತಕವನ್ನು ಕೊನೆಯ ಹಾಳೆಯ ಕಡೆಯಿಂದ ಹರಿಯುತ್ತ ಬರುವುದು ಅವನ ಪದ್ಧತಿ.

ಅವನ ತಕ್ಕಡಿಯ ಪಕ್ಕದಲ್ಲಿ ರಟ್ಟಿಲ್ಲದ ಒಂದು ಹಳೆಯ ಪುಸ್ತಕ ಬಿದ್ದಿತ್ತು. ಕುಡಿತ ಬಿಟ್ಟವನ ಎದುರು ಬಾಟಲಿ ಇಟ್ಟಂತಾಯಿತು.

"ನಬಿಸಾಬ, ಇದೊಂದು ಒಯ್ತೀನಿ. ಸಂಜಿ ಒಳಗ ತಂದ ಕೊಡ್ತೀನಿ."

"ಒಯ್ರಿ ಸರ. ಚೀಲ ತುಂಬ ಕೊಟ್ಟು ಒಂದ ಒಯ್ಯಾಕ ಕೇಳಬೇಕೇನ್ರಿ?"

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರರಿಗೆ ಗಟ್ಟಿಯಾಗಿ ಓದುವ ಚಪಲ. ಹೆಂಡತಿ ಇದ್ದಾಗ ತುಟಿ ಕೂಡ ಅಲುಗಿಸದೆ ಓದಬೇಕಾಗಿತ್ತು. ಈಗ ಮನೆ ಖಾಲಿ. ಕಾಲು ಚಾಚಿ ಕುಳಿತು, ನಡುವಿನ ಒಂದು ಪುಟ ತೆಗೆದು, ಪಾಠ ಹೇಳುವ ದನಿಯಲ್ಲಿ ಓದಿದರು: "ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಅವಳ ಸೆರಗಿನಿಂದ ಬಾವಿಯ ನೀರು ತೊಟ್ಟಿಕ್ಕುತ್ತಿತ್ತು."

ತೊಟ್. ತೊಟ್.

ತಲೆಯೆತ್ತಿದರು. ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕೂದಲು ಮುಖದ ಮೇಲೆ ಇಳಿದಿತ್ತು. ಹೊರಗೆ ಚುರುಗುಟ್ಟುವ ಬಿಸಿಲಿದ್ದರೂ ಅವಳ ಹಿಂದಿನ ಬೆಳಕು ಬಾವಿಯ ತಳದಲ್ಲಿರುವಂತೆ ಹಸಿರಾಗಿತ್ತು.

"ಯಾರ ಬೇಕಾಗಿತ್ರೀ?" ಎಂದರು ಮಾಸ್ತರರು.

"ನನ್ನನ್ನು ಕರೆದವರು ತಾವೇ ಅಲ್ಲವೇ?" ಎಂದಳು ಅವಳು, ಅಚ್ಚಾದ ಅಕ್ಷರದಂಥ ಕನ್ನಡದಲ್ಲಿ.

ಇನ್ನೊಬ್ಬರಾಗಿದ್ದರೆ ಓಡುತ್ತಿದ್ದರು. ಮಾಸ್ತರರು ಪ್ರಯೋಗ ಮಾಡಿದರು. ಮುಂದಿನ ಸಾಲು ಓದಿದರು: "ಅವಳು ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕುಳಿತಳು." ಅವಳು ಹೋಗಿ ಕುಳಿತಳು. ಓದದೆ ಸ್ವಲ್ಪ ಕಾದರು. ಅವಳು ಅಲುಗಲಿಲ್ಲ, ಉಸಿರೂ ಆಡಲಿಲ್ಲ. ಸಿದ್ಧಾಂತ ಸ್ಪಷ್ಟವಾಯಿತು: ಓದಿದ್ದು ನಡೆಯುತ್ತದೆ. ಹಾಗಾದರೆ ಕತೆ ಮುಗಿಸಿದರೆ ಅವಳೂ ಹೋಗುತ್ತಾಳೆ. ಮಾಸ್ತರರು ಜೀವದಾಸೆಯಿಂದ ಪುಟದ ಮೇಲೆ ಪುಟ ಓದುತ್ತ ಹೋದರು. ಅವಳು ಎದ್ದಳು, ಅತ್ತಳು, ಅಂಗಳ ಸುತ್ತಿದಳು, ಮತ್ತೆ ಒಳಗೆ ಬಂದಳು. ಕೊನೆಗೆ, "ಕರೆದವನ ಕೈಯನ್ನು ಅವಳು ಬಿಗಿಯಾಗಿ ಹಿಡಿದಳು. ಇನ್ನು ಬಿಡುವುದು..."

ಮುಂದಿನ ಹಾಳೆ ಇರಲಿಲ್ಲ. ಹರಿದಿತ್ತು. ಮಾಸ್ತರರ ಎಡಗೈ ಮಣಿಕಟ್ಟಿನ ಸುತ್ತ ಐದು ತಣ್ಣನೆಯ ಬೆರಳುಗಳಿದ್ದವು.

ಎಳೆದರೂ ಬಿಡಲಿಲ್ಲ. ಗಡಿಯಾರ ನೋಡಿದರು. ಇನ್ನು ಸ್ವಲ್ಪ ಹೊತ್ತಿಗೆ ಅಡರಕಟ್ಟಿಯ ಬಸ್ಸು ಬರುತ್ತದೆ. ಪುಸ್ತಕ ಕಂಡರೆ ಹೊಸ್ತಿಲು ದಾಟದ ಹೆಂಡತಿ, ಪುಸ್ತಕದ ಹೆಂಗಸು ಗಂಡನ ಕೈ ಹಿಡಿದು ಕೂತದ್ದನ್ನು ಕಂಡರೆ?

ಬೇರೆ ದಾರಿಯಿರಲಿಲ್ಲ. ಅವಳ ತಲೆಯ ಮೇಲೆ ಹೆಂಡತಿಯ ಹಳೆಯ ಸೀರೆಯೊಂದನ್ನು ಹೊದಿಸಿ, ಹಿಡಿದ ಕೈಗಳ ಮೇಲೆ ಟವೆಲ್ಲು ಹಾಕಿಕೊಂಡು ನಬಿಸಾಬನ ಅಂಗಡಿಗೆ ನಡೆದರು. ನಬಿಸಾಬ ಮರ್ಯಾದಸ್ಥ. ಪರರ ಮನೆಯ ಹೆಣ್ಣುಮಕ್ಕಳ ಮುಖ ನೋಡದೆ ತಲೆ ತಗ್ಗಿಸಿ, "ಮನಿಯವ್ರು ಬಂದ್ರೇನ್ರಿ? ಚಲೋ ಆತು ಬಿಡ್ರಿ," ಎಂದ. ಅಷ್ಟರಲ್ಲಿ ಸೆರಗಿನ ಹನಿ ಬಾಣಲೆಗೆ ಬಿದ್ದು ಎಣ್ಣೆ ಭುಸ್ ಎಂದು ಸಿಡಿಯಿತು. "ಅವ್ರಿಗೆ ಅತ್ಲಾಗ ನಿಂದ್ರಾಕ ಹೇಳ್ರಿ ಸರ, ಎಣ್ಣಿ ಹಾರಾಕತ್ತೈತಿ."

"ನಬಿಸಾಬ, ಆ ಪುಸ್ತಕದ ಕೊನೀ ಹಾಳಿ ಎಲ್ಲೈತಿ?"

"ಮುಂಜಾನಿ ಬೋಣಿಗೀಗೆ ಹೋತಲ್ರೀ. ನಿಮ್ಮ ಬಾಜೂ ಮನಿ ಹನಮವ್ವ ಮಿರ್ಚಿ ಒಯ್ದ್ಲು."

ಹನಮವ್ವನ ಕಣ್ಣಿಗೆ ಬಿದ್ದ ಸುದ್ದಿ ಪಕ್ಕದೂರು ಕಳಸಾಪುರ ಮುಟ್ಟಲು ಬಸ್ಸು ಬೇಕಾಗಿರಲಿಲ್ಲ.

ಮರಳಿ ಬರುವಷ್ಟರಲ್ಲಿ ಹನಮವ್ವ ಅವರ ಮನೆಯ ಮುಂದೆಯೇ ಸೊಂಟದ ಮೇಲೆ ಕೊಡ ಇಟ್ಟುಕೊಂಡು ನಿಂತಿದ್ದಳು. ಆದರೆ ಅವಳು ನೋಡುತ್ತಿದ್ದದ್ದು ಹೆಂಗಸನ್ನಲ್ಲ, ನೆಲವನ್ನು.

"ಮಾಸ್ತರ, ಇಡೀ ಓಣ್ಯಾಗ ನೀರಿಲ್ಲ. ನಿಮ್ಮ ಅಂಗಳದಾಗ ಹೆಂಗ ಹರಿಯಾಕತ್ತೈತಿ?" ಎಂದವಳು ಆಮೇಲೆ ತಲೆಯೆತ್ತಿ ಸೀರೆಯ ಮರೆಯ ಮುಖವನ್ನು ಇಣುಕಿ ನೋಡಿದಳು. ಅಲ್ಲಿ ಏನು ಕಂಡಳೋ, ಮುಂದೆ ಯಾರಿಗೂ ಹೇಳಲಿಲ್ಲ. ಆದರೆ ಬೆಟಗೇರಿಯ ಹೆಣ್ಣುಮಗಳಿಗೆ ಭೂತದ ಭಯಕ್ಕಿಂತ ಖಾಲಿ ಡ್ರಮ್ಮಿನ ಭಯ ದೊಡ್ಡದು. "ಯಾರ್ರೀ ಈಕಿ, ಹಿಂಗ ಸೋರಾಕತ್ತಾಳಲ್ಲ?"

ಮಾಸ್ತರರು ಎಲ್ಲವನ್ನೂ ಹೇಳಿದರು. ಮುಚ್ಚಿಡಲು ಹೊತ್ತಿರಲಿಲ್ಲ.

"ಮಿರ್ಚಿ ಹಾಳಿ ನಮ್ಮ ಒಲೀ ಮುಂದ ಐತಿ," ಎಂದಳು ಹನಮವ್ವ ಶಾಂತವಾಗಿ. "ಕೊಡ್ತೀನಿ. ಮೊದಲ ಈಕಿನ್ನ ನಮ್ಮ ಡ್ರಮ್ಮಿನ ಬಾಜೂಕ ನಿಂದ್ರಸ್ರಿ."

"ಹನಮವ್ವಾರ, ವಾಣಿ ಬಸ್ಸು ಬರೂ ಹೊತ್ತಾತು!"

"ಬಸ್ ಲೇಟ್ ಬರ್ತೈತಿ. ನೀರು ಬರೂದ ಇಲ್ಲ."

ಮಾಸ್ತರರು ಹನಮವ್ವನ ಹಿತ್ತಿಲಲ್ಲಿ ಕೈ ಹಿಡಿಸಿಕೊಂಡು ನಿಂತರು. ಕೈ ಹಿಡಿದ ಹೆಂಗಸಿನ ಸೆರಗಿನಿಂದ ನೀರು ಸುರಿಯಿತು. ಡ್ರಮ್ಮು ತುಂಬಿತು, ಕೊಡಗಳು ತುಂಬಿದವು, ಕಡೆಗೆ ಹಿಟ್ಟು ನಾದುವ ಪರಾತವೂ ತುಂಬಿತು. ನೀರಿಗೆ ಪಾಚಿಯ ವಾಸನೆಯಿತ್ತು. ಡ್ರಮ್ಮಿನೊಳಗೆ ಬಗ್ಗಿದ ಮಾಸ್ತರರಿಗೆ ಅಲ್ಲಿ ತಮ್ಮ ಮುಖ ಕಾಣಲಿಲ್ಲ. ಬಲು ಕೆಳಗೆ, ಮೇಲಕ್ಕೆ ನೋಡುತ್ತಿದ್ದ ಎಷ್ಟೋ ಮುಖಗಳು ಕಂಡವು. ಎಲ್ಲರ ಎಡಗೈಯೂ ಮೇಲೆದ್ದಿತ್ತು. ಹಿಂದೆಂದೋ ಇವಳನ್ನು ಕರೆದವರಿರಬೇಕು. ಮಣಿಕಟ್ಟಿನ ಬೆರಳುಗಳು ಇನ್ನಷ್ಟು ಬಿಗಿಯಾದವು.

"ಹಾಳಿ ಕೊಡ್ರಿ ಯವ್ವಾ," ಎಂದರು ಅವರು, ಅಳುವ ಹುಡುಗನಂತೆ.

ಹನಮವ್ವ ಕೊಟ್ಟಳು. ಎಣ್ಣೆ ಕುಡಿದ ಹಾಳೆ ಹಪ್ಪಳದಂತೆ ಹೊಳೆಯುತ್ತಿತ್ತು. ಮಾಸ್ತರರು ಓದಿದರು: "...ಸಾಧ್ಯವಿಲ್ಲವೆಂದುಕೊಂಡಿದ್ದಳು. ಆದರೂ ಬಿಟ್ಟಳು. ಬಂದ ದಾರಿಯಲ್ಲೇ ಬಾವಿಗೆ ಇಳಿದಳು. ಆ ಮನೆಯಲ್ಲಿ ಅವಳನ್ನು ಮತ್ತೆ ಯಾರೂ ಕಾಣಲಿಲ್ಲ. ಮುಗಿಯಿತು."

ಬೆರಳುಗಳು ಸಡಿಲಾದವು. ಅವಳು ಡ್ರಮ್ಮಿನ ಅಂಚಿನ ಮೇಲೆ ಕೈಯಿಟ್ಟು, ಮೆಟ್ಟಿಲು ಇಳಿಯುವವಳಂತೆ ಕಾಲಿಟ್ಟಳು. ಮೊಣಕಾಲ ತನಕ ಇಳಿದವಳು ಅಲ್ಲೇ ನಿಂತು ಮಾಸ್ತರರ ಕಡೆ ಹೊರಳಿದಳು.

"ಯಾಕ ನಿಂತಾಳ?" ಎಂದರು ಮಾಸ್ತರರು.

"ನೀವು ಅರ್ಧಕ್ಕ ಬಿಟ್ರಲ್ಲ, ಅದಕ್ಕ," ಎಂದು ಹನಮವ್ವ ಗದರಿದಳು. ಅವಳು ಪ್ರತಿ ಶ್ರಾವಣದಲ್ಲಿ ಮಠಕ್ಕೆ ಹೋಗಿ ಪುರಾಣ ಕೇಳಿದವಳು. "ಪಾರಾಯಣ ಮುಗಿದ ಮ್ಯಾಲೆ ಫಲಶ್ರುತಿ ಓದಬೇಕೋ ಬ್ಯಾಡೋ? ಯಾವ ಪುರಾಣ ಹಂಗ ಮುಗಿದೈತಿ? ಹಿಂದ ಏನೋ ಐತಿ ನೋಡ್ರಿ."

ಹಾಳೆಯ ಹಿಂಭಾಗದಲ್ಲಿ ಏನೋ ಇತ್ತು. ಮೇಲಿನ ಸಾಲುಗಳು ಖಾರದ ಎಣ್ಣೆಯಲ್ಲಿ ಮುಳುಗಿದ್ದವು. ಉಳಿದದ್ದನ್ನು ಮಾಸ್ತರರು ಒಂದೇ ಉಸಿರಿಗೆ ಓದಿದರು: "ಸಂಜೆಯ ಹೊತ್ತಿಗೆ ಮಡದಿ ಗಂಡನ ಮನೆಗೆ ಮರಳಿದಳು. ಅದೇ ಮುಖ, ಅದೇ ನಡಿಗೆ. ಆದರೆ ಈಗ ಅವಳು ಬೈಯುವುದಿಲ್ಲ, ಎದುರಾಡುವುದಿಲ್ಲ. ಯಾಕೆ?"

"ಎಷ್ಟ ಚಲೋ ಫಲ ಐತಿ," ಎಂದಳು ಹನಮವ್ವ. "ಹೆಂಡತಿ ಬೈಯಂಗಿಲ್ಲ ಅಂದ್ರ ಇನ್ನೇನ ಬೇಕು ನಿಮಗ?"

ನೀರು ಒಮ್ಮೆ ಗುಳುಗುಳು ಎಂದಿತು. ಹೆಂಗಸು ಇರಲಿಲ್ಲ. ಡ್ರಮ್ಮಿನಲ್ಲಿ, ಕೊಡಗಳಲ್ಲಿ, ಪರಾತದಲ್ಲಿ ಒಂದು ಹನಿಯೂ ಇರಲಿಲ್ಲ. ಫಲಶ್ರುತಿ ಓದಿಸಿದ ಬಾಯಿಂದಲೇ ಹನಮವ್ವ ಬೈಯತೊಡಗಿದಳು. ಮಾಸ್ತರರು ಕೇಳಲಿಲ್ಲ. ಮನೆಗೆ ಓಡಿ ಪುಸ್ತಕ ತಂದು ನಬಿಸಾಬನ ಬಾಣಲೆಯ ಕೆಳಗಿನ ಬೆಂಕಿಗೆ ತುರುಕಿ, ಅಂಗಳ ಒರೆಸಿ, ಬೆವರು ಒರೆಸಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

ವಾಣಿಶ್ರೀ. ಕೈಯಲ್ಲಿ ಚೀಲ, ಹಣೆಯ ಮೇಲೆ ಬೆವರು. ಸೀರೆ ಒಣಗಿಯೇ ಇದ್ದುದನ್ನು ಮಾಸ್ತರರು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡರು. ಅವಳು ಖಾಲಿ ಕಪಾಟು ನೋಡಿದಳು, ಹೊಸ್ತಿಲು ದಾಟಿದಳು.

"ನಳದ್ದು ತಪ್ಪಾತು ನಂದು," ಎಂದರು ಮಾಸ್ತರರು.

ಅವಳು ನಕ್ಕಳು.

"ಕುಡಿಯಾಕ ಸುದ್ದಾ ನೀರಿಲ್ಲ."

ಅದಕ್ಕೂ ನಕ್ಕಳು. ಒಳಗೆ ಹೋಗಿ ಒಲೆ ಹೊತ್ತಿಸಿ, ಹಿಟ್ಟಿನ ಡಬ್ಬಿ ತೆಗೆದಳು. ಟಪ್ ಟಪ್ ಎಂದು ರೊಟ್ಟಿ ಬಡಿಯುವ ಸದ್ದು ಕೇಳಿದಾಗ ಮಾಸ್ತರರ ಕಣ್ಣಲ್ಲಿ ನೀರು ಬಂತು. ಮನೆ ಉಳಿಯಿತು. ಇಷ್ಟು ವರ್ಷಗಳ ಸಂಸಾರದಲ್ಲಿ ಇಂಥ ಶಾಂತಿಯನ್ನು ಅವರು ಕಂಡಿರಲಿಲ್ಲ. ನೀರಿಲ್ಲದೆ ಹಿಟ್ಟು ಹೇಗೆ ನಾದಿದಳು ಎಂಬ ಪ್ರಶ್ನೆ ತಲೆಯಲ್ಲಿ ಏಳುವಷ್ಟರಲ್ಲಿ ಕಟ್ಟೆಯ ಹತ್ತಿರ ಹನಮವ್ವ ಬಂದು ನಿಂತಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಮಾಸ್ತರ, ವಾಣಿ ನಮ್ಮ ಮನಿ ಫೋನಿಗೆ ಮಾಡಿದ್ಲು, ಈಗಷ್ಟ. ಸಂಜಿ ಬಸ್ ತಪ್ಪೇತಂತ. ನಾಳೆ ಮುಂಜಾನಿ ಮೊದಲ ಬಸ್ಸಿಗೆ ಬರ್ತಾಳಂತ. ಮನ್ಯಾಗಿನ ಪುಸ್ತಕ ಖಾಲಿ ಮಾಡಿ ಇಟ್ಟಿರ್ರಿ ಅಂದ್ಲು."

ಒಳಗೆ ರೊಟ್ಟಿ ಬಡಿಯುವ ಸದ್ದು ನಡೆದೇ ಇತ್ತು.

ಮಾಸ್ತರರು ಜೇಬಿನಿಂದ ಎಣ್ಣೆಹಾಳೆ ತೆಗೆದರು. ಮಡದಿ ಮರಳಿದ ಆ ಕತೆಗೂ ಒಂದು ಕೊನೆ ಇರಲೇಬೇಕು. ಅದನ್ನು ಹುಡುಕಿ, ಓದಿ, ಬೆಳಗಾಗುವುದರೊಳಗೆ ಇವಳನ್ನೂ ಕಳಿಸಬೇಕು. ಹಾಳೆಯನ್ನು ಬೆಳಕಿಗೆ ಹಿಡಿದು, ಅವಸರದಲ್ಲಿ ಬಿಟ್ಟಿದ್ದ ತಳದ ಸಣ್ಣ ಅಕ್ಷರಗಳನ್ನು ತುಟಿ ಅಲುಗಿಸದೆ ಓದಿದರು.

"ಮೇಲಿನ ಸಾಲುಗಳು ನಮ್ಮ ಮುಂದಿನ ರೋಮಾಂಚಕ ಕಾದಂಬರಿಯವು; ಅದು ಅಚ್ಚಿನಲ್ಲಿದೆ. ಕೊನೆಯ ಅಧ್ಯಾಯವನ್ನು ಲೇಖಕರು ಇನ್ನೂ ಕಳಿಸಬೇಕಾಗಿದೆ."

ಒಳಗೆ ಸದ್ದು ನಿಂತಿತು.