ಕ್ಯಾಪ್ಟನ್ನರ ಥಾಯ್ ಟೀಮು

ಪರದೇಶದಲ್ಲಿ ನಾಲ್ಕು ಜನ ಕನ್ನಡದವರು ಬ್ಯಾಟು ಚೆಂಡು ಹಿಡಿದು ನಿಂತರೆ ಏನಾದರೊಂದು ಎಡವಟ್ಟು ಆಗದೆ ಇರುವುದಿಲ್ಲ. ಕತಾರಿನಲ್ಲಿ ನಮಗೆ ಅದಕ್ಕೆಂದೇ ಶುಕ್ರವಾರ ಬೆಳಗಾಗುತ್ತದೆ. ಆದರೆ ಹೋದ ವರ್ಷದ ಎಡವಟ್ಟುಗಳನ್ನು ನೆನೆಸಿಕೊಂಡರೆ ನಗು ಅರ್ಧಕ್ಕೆ ನಿಲ್ಲುತ್ತದೆ. ಯಾಕೆಂದು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕ್ಯಾಪ್ಟನ್ ಗದಗಿನ ಕಡೆಯವರು. ದುಖಾನ್‌ನ ಎಣ್ಣೆ ಬಾವಿಗಳಲ್ಲಿ ಕೆಲಸ. ಕಂಪನಿ ಕೊಟ್ಟ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಮಗಳು ಮದುವೆಯಾಗಿ ಪುಣೆಯಲ್ಲಿದ್ದಾಳೆ. ಒಂದು ಬೆಳಿಗ್ಗೆ ಅವರ ಹೆಂಡತಿ, ನಮಗೆಲ್ಲ ಅಕ್ಕ, ಚಹಾ ಸೋಸುತ್ತ ನಿಂತಲ್ಲೇ ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಖಲಾಸ್. ಊರಿಗೆ ಒಯ್ದು ಮಣ್ಣು ಮಾಡಿ, ಕಾರ್ಯ ಮುಗಿಸಿ, ಕ್ಯಾಪ್ಟನ್ ತಿಂಗಳೊಳಗೆ ವಾಪಸ್ ಬಂದರು. "ಅಲ್ಲಿ ಎಲ್ಲಾರೂ ನನ್ನ ಮಾರಿ ನೋಡಿ ಅಳ್ತಾರ. ಇಲ್ಲೆ ಯಾರೂ ನೋಡಂಗಿಲ್ಲ, ಅದ ಛಲೋ" ಅಂದರು. ದುಖಾನ್‌ನ ಮನೆ ಬಿಟ್ಟು ಇಷ್ಟು ದೂರ, ರಾಜಧಾನಿಯ ಪಕ್ಕದ ಅಲ್ ಗರಾಫಾಕ್ಕೆ ಬಂದು ಒಂದು ಸಣ್ಣ ಫ್ಲಾಟ್ ಹಿಡಿದರು. ಅತ್ತಿದ್ದನ್ನು ನಾವು ಕಾಣಲಿಲ್ಲ. ಅಕ್ಕನ ಮಾತನ್ನೂ ಎತ್ತಲಿಲ್ಲ. ಆಫೀಸು, ಕಾರು, ನಿದ್ದೆ. ಅವರು ಬಾಯಿಬಿಟ್ಟು ನಾಲ್ಕು ಮಾತಾಡುತ್ತಿದ್ದದ್ದು ಶುಕ್ರವಾರದ ಕ್ರಿಕೆಟ್ಟಿನಲ್ಲಿ ಮಾತ್ರ. ಹಾಗಾಗಿ ಏನೇ ಆಗಲಿ, ಶುಕ್ರವಾರದ ಆಟ ನಿಲ್ಲಬಾರದು ಅಂತ ಮೈಸೂರಿನ ನಾನೂ ನನ್ನ ಮಂಗಳೂರಿನ ಗೆಳೆಯನೂ ತೀರ್ಮಾನ ಮಾಡಿದ್ದೆವು.

ಆಳು ಬೇಕಾಗಿದ್ದಾರೆ

ತೀರ್ಮಾನವೇನೋ ಆಯಿತು, ಆಡಲು ಜನ ಬೇಕಲ್ಲ? ಒಬ್ಬನಿಗೆ ಕೆನಡಾ ವೀಸಾ ಬಂತು. ಇನ್ನೊಬ್ಬನ ಪ್ರಾಜೆಕ್ಟ್ ಮುಗಿಯಿತು. ಮತ್ತೊಬ್ಬನಿಗೆ ಮೊಣಕಾಲು ನೋವು, ಅಂದರೆ ಹೆಂಡತಿ ಬೇಡ ಅಂದಿದ್ದಾಳೆ. ಕೊನೆಗೆ ಆರೇಳು ಜನ ಉಳಿದೆವು.

"ಮಲಯಾಳಿಗಳನ್ನು ಕರೆಯುವುದಾ?" ಅಂತ ಮಂಗಳೂರಿನವನನ್ನು ಕೇಳಿದೆ.

"ಅವರದ್ದೇ ನಾಲ್ಕು ಟೀಮ್ ಉಂಟು ಮಾರಾಯ. ಅವರು ನಮ್ಮನ್ನು ಕರೀಲಿಕ್ಕೆ ಕಾಯ್ತಿದ್ದಾರೆ, ನೀರು ಕೊಡ್ಲಿಕ್ಕೆ."

"ಫಿಲಿಪಿನೋಗಳು?"

"ಬಾಸ್ಕೆಟ್‌ಬಾಲ್ ಬಿಟ್ಟು ಬರುದಿಲ್ಲ."

ಕ್ಯಾಪ್ಟನ್ನರ ಫ್ಲಾಟಿನ ಕೆಳಗೆ ಒಂದು ಥಾಯ್ ಹೋಟೆಲು. ಅಡಿಗೆಯವರು, ಪಾತ್ರೆ ತೊಳೆಯುವವರು, ಬಡಿಸುವವರು, ಹೀಗೆ ಐದಾರು ಜನ ಬೆಳಿಗ್ಗೆ ಹಿಂದಿನ ಓಣಿಯಲ್ಲಿ ಬೆತ್ತದ ಚೆಂಡೊಂದನ್ನು ನೆಲಕ್ಕೆ ಬೀಳಿಸದೆ ಕಾಲಿನಲ್ಲೇ ಒದೆಯುತ್ತಿದ್ದರು. ಶುಕ್ರವಾರ ನಮಾಜು ಮುಗಿಯುವವರೆಗೆ ಹೋಟೆಲು ತೆರೆಯುವುದಿಲ್ಲ. ಮಂಗಳೂರಿನವನಿಗೆ ಇಷ್ಟೇ ಸಾಕಾಯಿತು.

ಹೆಡ್ ಕುಕ್ ಐವತ್ತರ ಹತ್ತಿರದ ದಪ್ಪ ಮನುಷ್ಯ. ನಮ್ಮ ಮಾತೆಲ್ಲ ಮುರುಕು ಇಂಗ್ಲಿಷಿನಲ್ಲಿ, ನಡುನಡುವೆ ಅರಬ್ಬಿ. ಮಂಗಳೂರಿನವನು ಆಟದ ವರ್ಣನೆ ಮಾಡಿದ. ಒಬ್ಬ ಎಸೆಯುತ್ತಾನೆ, ಒಬ್ಬ ಹೊಡೆಯುತ್ತಾನೆ, ಉಳಿದವರು ಬಿಸಿಲಿನಲ್ಲಿ ದೂರದೂರ ನಿಲ್ಲುತ್ತಾರೆ.

"ನಿಂತು?" ಅಂತ ಕುಕ್ ಕೇಳಿದರು.

"ಚೆಂಡು ಬರ್ತದಾ ಅಂತ ಕಾಯ್ತಾರೆ."

"ಬರದಿದ್ದರೆ?"

"ಆದ್ರೂ ಕಾಯ್ತಾರೆ."

ಕುಕ್ ತಮ್ಮವರಿಗೆ ಥಾಯ್ ಭಾಷೆಯಲ್ಲಿ ವಿವರಿಸಿದರು. ಅವರೆಲ್ಲ ತಲೆಯಾಡಿಸಿದರು. ಆಮೇಲೆ ನಮ್ಮ ಕಡೆ ತಿರುಗಿ, "ಮಾಫಿ ಮುಶ್ಕಿಲ್, ತೊಂದರೆಯೇನಿಲ್ಲ. ನಮ್ಮ ಹೋಟೆಲಿನ ಕೆಲಸವೂ ಅದೇ" ಅಂದರು.

ಹಿಡಿಯದ ಕ್ಯಾಚು

ಮೊದಲ ಶುಕ್ರವಾರ ನಾನು ಬ್ಯಾಟಿಂಗ್. ಟೇಪು ಸುತ್ತಿದ ಟೆನಿಸ್ ಚೆಂಡನ್ನು ಎತ್ತಿ ಹೊಡೆದೆ. ಅದು ಸೀದಾ ಪಾತ್ರೆ ತೊಳೆಯುವವನ ಕಡೆಗೆ ಹೋಯಿತು. ಹುಟ್ಟಿದಾಗಿನಿಂದ ಚೆಂಡಿಗೆ ಕೈ ತಾಗಿಸಬಾರದು ಅಂತ ಕಲಿತವನು ಪಾಪ. ಎದೆ ಕೊಟ್ಟ, ಮೊಣಕಾಲು ಕೊಟ್ಟ, ಪಾದದಲ್ಲಿ ಮೇಲಕ್ಕೆ ಚಿಮ್ಮಿಸಿದ. ಇನ್ನೊಬ್ಬ ಓಡಿ ಬಂದು ತಲೆ ಕೊಟ್ಟ. ಮೂರನೆಯವನು ಹಿಮ್ಮಡಿ ಕೊಟ್ಟ. ಚೆಂಡು ನೆಲ ಮುಟ್ಟಲೇ ಇಲ್ಲ.

ನಾವು ಓಡಿದೆವು. ಅವರು ಒದೆಯುತ್ತಿದ್ದರು. ನಾವು ಮತ್ತೆ ಓಡಿದೆವು. ನನ್ನ ಜನ್ಮದಲ್ಲೇ ಒಂದು ಹೊಡೆತಕ್ಕೆ ಅಷ್ಟು ರನ್ ಓಡಿರಲಿಲ್ಲ. ಎಲ್ಲಾದರೂ ನಿಲ್ಲುತ್ತಾರಾ ಅಂತ ನೋಡಿದರೆ ಅವರಿಗೆ ಸುಸ್ತಿನ ಸುಳಿವೇ ಇಲ್ಲ. ನನಗೋ ಏದುಸಿರು.

"ಕೈಲೆ ಹಿಡೀರಲೇ!" ಅಂತ ಕ್ಯಾಪ್ಟನ್ ಕೂಗಿ, ಎರಡೂ ಕೈ ಎತ್ತಿ ತೋರಿಸಿದರು. ಪಾತ್ರೆ ತೊಳೆಯುವವನಿಗೆ ಅರ್ಥವಾಯಿತು. ಮೆಲ್ಲಗೆ ಎರಡು ಬೆರಳಿನಲ್ಲಿ ಚೆಂಡನ್ನು ಗಾಳಿಯಲ್ಲೇ ಹಿಡಿದುಕೊಂಡ.

"ಔಟ್!" ಅಂದರು ಕ್ಯಾಪ್ಟನ್.

"ನಾನು ಓಡಿದ ರನ್ನು?"

"ಕ್ಯಾಚಿಗೆ ರನ್ ಎಲ್ಲಿಂದ ಬರ್ತದಲೇ ಮೈಸೂರು? ವಾಕಿಂಗ್ ಆತು ಅಂತ ತಿಳ್ಕೊ."

ಅವರು ಸೊಂಟ ಹಿಡಿದುಕೊಂಡು ನಕ್ಕರು. ಅಕ್ಕ ಹೋದ ಮೇಲೆ ನಾವು ಕೇಳಿದ ಮೊದಲ ನಗು ಅದು. ನನ್ನ ರನ್ನು ಹಾಳಾಗಿ ಹೋಗಲಿ ಅಂದುಕೊಂಡೆ.

ಔಟ್ ಮಾಡಿದ್ದಕ್ಕೆ ಕ್ಷಮೆ

ಒಂದೆರಡು ತಿಂಗಳಲ್ಲಿ ಥಾಯ್ ಜನ ಆಟ ಕಲಿತರು. ಆದರೆ ಒಂದು ಅಭ್ಯಾಸ ಬಿಡಲಿಲ್ಲ. ನಮ್ಮಲ್ಲಿ ಯಾರನ್ನಾದರೂ ಔಟ್ ಮಾಡಿದರೆ ಬೌಲರು ಕೈ ಜೋಡಿಸಿ, ತಲೆ ಬಗ್ಗಿಸಿ ಕ್ಷಮೆ ಕೇಳುತ್ತಿದ್ದ. ಕೈ ಮುಗಿದವರಿಗೆ ತಿರುಗಿ ಕೈ ಮುಗಿಯದೆ ಇರುವುದು ನಮ್ಮಿಂದಾಗದು. ನಾವೂ ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು ನಮಸ್ಕಾರ ಮಾಡುತ್ತಿದ್ದೆವು. ರಸ್ತೆಯಲ್ಲಿ ಹೋಗುವ ಕಾರಿನವರಿಗೆ ಇದು ಕ್ರಿಕೆಟ್ಟೋ ಬೀಗರನ್ನು ಎದುರುಗೊಳ್ಳುವ ಶಾಸ್ತ್ರವೋ ಗೊತ್ತಾಗುತ್ತಿರಲಿಲ್ಲ.

ಕ್ಯಾಪ್ಟನ್ ವಿಷಯದಲ್ಲಿ ಕಷ್ಟ ಇನ್ನೂ ದೊಡ್ಡದು. ಎಲ್ಲರಿಗಿಂತ ಹಿರಿಯರು, ನರೆತ ತಲೆ. ಅವರನ್ನು ಔಟ್ ಮಾಡುವುದು ದೊಡ್ಡವರಿಗೆ ಅವಮಾನ ಮಾಡಿದ ಹಾಗೆ ಅಂತ ಥಾಯ್ ಜನ ಚೆಂಡನ್ನು ಮೆಲ್ಲಗೆ, ವಿಕೆಟ್ಟಿನಿಂದ ಮಾರು ದೂರ ಎಸೆಯುತ್ತಿದ್ದರು. ಒಂದು ದಿನ ಕ್ಯಾಪ್ಟನ್ ಬ್ಯಾಟು ಬಿಸಾಡಿದರು.

"ನನಗ ಯಾರ ಕನಿಕರಾನೂ ಬ್ಯಾಡ! ಹೆಂಗ ಆಡಬೇಕೋ ಹಂಗ ಆಡ್ರಿ!"

ಆ ಮಾತು ಥಾಯ್ ಜನರಿಗೆ ಹೇಳಿದ್ದಲ್ಲ, ನಮಗೆ ಹೇಳಿದ್ದು ಅಂತ ನನಗೂ ಮಂಗಳೂರಿನವನಿಗೂ ತಿಳಿಯಿತು. ನಾನು ಬ್ಯಾಟು ಎತ್ತಿ ಅವರ ಕೈಗೆ ಕೊಟ್ಟೆ. ಪಾತ್ರೆ ತೊಳೆಯುವವನು ಮಾತ್ರ ಆಜ್ಞೆ ಅಂತ ತಿಳಿದು, ಓಡಿ ಬಂದು ಮುಂದಿನ ಚೆಂಡಿಗೇ ನಡು ಕಡ್ಡಿ ಎಗರಿಸಿದ. ಆಮೇಲೆ ಹೆದರಿ ಮಣ್ಣಿನಲ್ಲೇ ಮೊಣಕಾಲೂರಿ ಕುಳಿತ.

ಮರುವಾರ ಅವನು ಪ್ರಾಯಶ್ಚಿತ್ತಕ್ಕೆ ಒಂದು ಡಬ್ಬಿ ತಂದುಕೊಟ್ಟ. ತೆಂಗಿನ ಹಾಲಿನಲ್ಲಿ ಕಲಸಿದ ಸಿಹಿ ಅನ್ನ, ಮೇಲೆ ಮಾವಿನ ಹಣ್ಣು. ಕ್ಯಾಪ್ಟನ್ ಒಂದು ತುತ್ತು ತಿಂದು, "ಬೌಲ್ಡ್ ಆದದ್ದಕ್ಕ ಸಿಹಿ ಊಟ ಹಾಕಿದ್ದು ಇದ ಮೊದಲು. ಇವತ್ತ ಎರಡ ಸಲ ಔಟ್ ಮಾಡಲೇ ತಮ್ಮಾ" ಅಂದರು.

ಪಾರ್ಸೆಲ್

ಈ ಪ್ರಸಂಗದಲ್ಲಿ ನಗಲು ಹೆಚ್ಚೇನೂ ಇಲ್ಲ. ಆದರೆ ಇದನ್ನು ಹೇಳದೆ ಮುಂದಿನದು ಅರ್ಥವಾಗದು.

ಆಟದ ನಡುವೆ ನೀರು ಕುಡಿಯುತ್ತ ಕುಳಿತಿದ್ದೆವು. ಹೆಡ್ ಕುಕ್ ಕ್ಯಾಪ್ಟನ್ನರನ್ನು ಬಹಳ ಪ್ರೀತಿಯಿಂದ ಕೇಳಿದರು.

"ಸಾರ್, ಮೇಡಂ ಯಾಕೆ ಆಟ ನೋಡಲು ಬರುವುದಿಲ್ಲ? ಹುಷಾರಿಲ್ಲವೇ?"

ಕುಕ್‌ಗೆ ತಾನು ಏನು ಕೇಳಿದೆ ಅನ್ನುವುದು ಗೊತ್ತಿಲ್ಲ. ಅವರು ಮುಂದುವರಿಸಿದರು. ಮೇಡಮ್ಮಿಗೆ ನನ್ನ ಅಡಿಗೆ ಹಿಡಿಸುತ್ತದೆಯೇ? ಸಾರ್ ಹೇಳಿದಂತೆ ಮೀನಿನ ಸಾಸು ಹಾಕುವುದಿಲ್ಲ. ಭಾರತದ ಹೆಂಗಸು, ಹುಷಾರಿಲ್ಲದವರೇನೋ ಅಂತ ಅವರದಕ್ಕೆ ಖಾರವನ್ನೂ ನಾನೇ ಕಡಿಮೆ ಮಾಡುತ್ತೇನೆ.

ಕ್ಯಾಪ್ಟನ್ ದಿನಾ ಸಂಜೆ ಕೆಳಗಿನ ಹೋಟೆಲಿನಿಂದ ಇಬ್ಬರ ಊಟ ಕಟ್ಟಿಸಿಕೊಂಡು ಹೋಗುತ್ತಿದ್ದರು. ನಮಗೆ ಅದು ಗೊತ್ತಾದದ್ದು ಆಗಲೇ.

ಕ್ಯಾಪ್ಟನ್ ಎದ್ದರು. "ರೂಢಿ" ಅಂದರು, ಅಷ್ಟೇ. ಕಾರು ಹತ್ತಿ ಹೋದರು. ಮಂಗಳೂರಿನವನು ಕುಕ್‌ಗೆ ವಿಷಯ ಹೇಳಿದ. ಆ ದಪ್ಪ ಮನುಷ್ಯ ಟವೆಲಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿದರು. ನನಗೆ ನಾಚಿಕೆಯಾಯಿತು. ಅಕ್ಕನ ಕೈ ಅನ್ನ ಉಂಡ ನಾವು ಇನ್ನೂ ಅತ್ತಿರಲಿಲ್ಲ, ಮುಖ ನೋಡದವರು ಅಳುತ್ತಿದ್ದರು.

ಮುಂದಿನ ಶುಕ್ರವಾರ ಕ್ಯಾಪ್ಟನ್ ಬರಲಿಲ್ಲ. ಅದರ ಮುಂದಿನ ಶುಕ್ರವಾರವೂ ಬರಲಿಲ್ಲ. ಫೋನು ಮಾಡಿದರೆ "ಕೆಲಸ ಐತಿ" ಅನ್ನುತ್ತಿದ್ದರು. ಹೋಟೆಲಿಗೂ ಇಳಿಯುತ್ತಿರಲಿಲ್ಲವಂತೆ. ನಾವು ಹೆದರಿದ್ದೇ ಆಗಿತ್ತು.

ಮೇಡಮ್ಮಿನ ಚೆಂಡು

ಕೊನೆಗೆ ಹೆಡ್ ಕುಕ್ ಮೇಲೆ ಹೋಗಿ ಬಾಗಿಲು ಬಡಿದರು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಮರುದಿನ ಶುಕ್ರವಾರ ಬೆಳಿಗ್ಗೆ ಕ್ಯಾಪ್ಟನ್ನರ ಕಾರು ಮೈದಾನಕ್ಕೆ ಬಂತು. ಗಡ್ಡ ಬಿಟ್ಟಿದ್ದರು. ಕುಕ್ ಡಿಕ್ಕಿಯಿಂದ ಒಂದು ಮಡಚುವ ಕುರ್ಚಿ ತೆಗೆದು ಗೋಡೆಯ ನೆರಳಿನಲ್ಲಿ ಹಾಕಿದರು. ಅದರ ಮೇಲೆ ಊಟದ ಡಬ್ಬಿ ಇಟ್ಟು, ಮುಚ್ಚಳ ತೆಗೆದು ಅದರ ಮೇಲೇ ಸಡಿಲವಾಗಿ ಇರಿಸಿದರು. ಆಮೇಲೆ ಕುರ್ಚಿಯ ಕೈಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, "ಮೇಡಂ, ಊಟ" ಅಂದರು.

ಸತ್ತವರನ್ನು ಹಾಗೆ ತಟ್ಟಿ ಊಟಕ್ಕೆ ಎಬ್ಬಿಸುವುದು ಅವರ ಕಡೆಯ ಪದ್ಧತಿಯಂತೆ. ನಾವು ಎಡೆ ಇಡುವುದಿಲ್ಲವೇ, ಹಾಗೇ. ಆದರೂ ಕ್ಯಾಪ್ಟನ್ ಸಿಟ್ಟಾದರೆ?

ಕ್ಯಾಪ್ಟನ್ ಕುರ್ಚಿಯ ಹತ್ತಿರ ಹೋದರು. ಆಮೇಲೆ ಡಬ್ಬಿಯಿಂದ ಚೂರು ತೆಗೆದು ಬಾಯಿಗೆ ಹಾಕಿಕೊಂಡರು.

"ಖಾರನ ಇಲ್ಲಲಾ ಇದರಾಗ! ಆಕಿ ಗದಗಿನಾಕಿ. ಇದನ್ನ ಮೂಸಿನೂ ನೋಡಂಗಿಲ್ಲ."

ಕುಕ್ ಓಡಿ ಹೋಗಿ ಕಾರಿನಿಂದ ಮೆಣಸಿನ ಪುಡಿಯ ಶೀಸೆ ತಂದರು. ಹಾಕಿದರು. "ಇನ್ನೊಂಚೂರು" ಅಂದರು ಕ್ಯಾಪ್ಟನ್. ಮತ್ತೆ ಹಾಕಿ, ಮುಚ್ಚಳವನ್ನು ಮೊದಲಿನಂತೆ ಸಡಿಲವಾಗಿ ಇಟ್ಟರು. "ಹಾಂ, ಈಗ ಉಣ್ತಾಳ" ಅಂದು ಬ್ಯಾಟು ಎತ್ತಿಕೊಂಡರು.

ಆಟ ಶುರುವಾಯಿತು. ಕ್ಯಾಪ್ಟನ್ ಬ್ಯಾಟಿಂಗ್, ಈಚೆ ತುದಿಯಲ್ಲಿ ನಾನು. ಒಂದು ಚೆಂಡನ್ನು ಅವರು ಗೋಡೆಯ ಕಡೆಗೆ ತಳ್ಳಿದರು. ಅದು ಉರುಳಿ ಉರುಳಿ ಹೋಗಿ ಕುರ್ಚಿಯ ಕೆಳಗೆ ನಿಂತಿತು. ಪಾತ್ರೆ ತೊಳೆಯುವವನು ಓಡಿ ಬಂದವನು ಕುರ್ಚಿಯ ಮುಂದೆ ಗಕ್ಕನೆ ನಿಂತ. ಕೈ ಜೋಡಿಸಿದ. ಕಾಯುತ್ತ ನಿಂತ.

"ಎತ್ತಾ ಮಾರಾಯ! ಎಂತ ನೋಡ್ತಿ?" ಅಂತ ಫೀಲ್ಡಿಂಗ್‌ನಲ್ಲಿದ್ದ ಮಂಗಳೂರಿನವನು ಬೊಬ್ಬೆ ಹೊಡೆದ.

"ಮೇಡಂ ಊಟ ಮಾಡುತ್ತಿದ್ದಾರೆ!" ಅಂತ ಅವನು ತಿರುಗಿ ಕೂಗಿದ.

ನಾವು ಓಡಿದೆವು. ಕ್ಯಾಪ್ಟನ್ ನನಗಿಂತ ಮುಂದೆ. "ಓಡಲೇ ಮೈಸೂರು, ಯಲ್ಲಾ ಯಲ್ಲಾ!" ಅಂತ ಹುರುಪಿನಿಂದ ಕೂಗುತ್ತ, ಮಣ್ಣು ಎಬ್ಬಿಸುತ್ತ ಓಡುತ್ತಿದ್ದರು. ಓಡುತ್ತ ಓಡುತ್ತ ಕುರ್ಚಿಯ ಕಡೆ ಕತ್ತು ತಿರುಗಿಸಿ, ಮನೆಯಲ್ಲಿ ಅಡಿಗೆಮನೆಗೆ ಕೂಗುವ ದನಿಯಲ್ಲಿ ಕೂಗಿದರು.

"ಏ, ಕೊಡಬ್ಯಾಡ ಅವಂಗ ಚೆಂಡು! ನಾ ಇನ್ನೂ ಓಡಾಕತ್ತೀನಿ! ಸ್ವಲ್ಪ ತಡಿ!"

ಅಷ್ಟರಲ್ಲಿ ಒಂದು ಗಾಳಿ ಬೀಸಿತು. ಡಬ್ಬಿಯ ಮುಚ್ಚಳ ಎದ್ದು ನೆಲಕ್ಕೆ ಬಿತ್ತು. ಮೇಡಮ್ಮಿನ ಊಟ ಮುಗಿಯಿತು ಅಂತ ಪಾತ್ರೆ ತೊಳೆಯುವವನಿಗೆ ಅಪ್ಪಣೆ ಸಿಕ್ಕಿತು. ತಲೆ ಬಗ್ಗಿಸಿ, ಕುರ್ಚಿಯ ಕೆಳಗಿನಿಂದ ಚೆಂಡನ್ನು ಪಾದದಲ್ಲೇ ಎಳೆದು, ಒಂದೇ ಒದೆ ಒದ್ದ. ವಿಕೆಟ್ಟು ಹಾರಿತು. ಕ್ಯಾಪ್ಟನ್ ಇನ್ನೂ ಪಿಚ್ಚಿನ ನಡುವೆ ಇದ್ದರು.

ಅಲ್ಲೇ ಕುಳಿತುಬಿಟ್ಟರು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಗಟ್ಟಿಯಾಗಿ ದನಿ ತೆಗೆದು ಅತ್ತರು. ಇಷ್ಟು ತಿಂಗಳು ತಡೆದಿದ್ದೆಲ್ಲ ಹೊರಗೆ ಬಂತು. ಥಾಯ್ ಜನರೆಲ್ಲ ಬಂದು ಸುತ್ತ ಕುಳಿತರು. ಹೆಡ್ ಕುಕ್ ಅವರ ಬೆನ್ನು ಸವರಿದರು. ನಾನೂ ಅತ್ತೆ, ಮಂಗಳೂರಿನವನೂ ಅತ್ತ.

ಎಷ್ಟೋ ಹೊತ್ತಿನ ಮೇಲೆ ಕ್ಯಾಪ್ಟನ್ ಟೊಪ್ಪಿಗೆಯಿಂದ ಮುಖ ಒರೆಸಿಕೊಂಡು, ಕುರ್ಚಿಯನ್ನೇ ನೋಡುತ್ತ ಅಂದರು:

"ಇಷ್ಟ ವರ್ಷ ಸಂಸಾರ ಮಾಡಿದೆ. ಒಂದ ದಿನಾನೂ ನನ್ನ ಪಾರ್ಟಿ ಆಗ್ಲಿಲ್ಲ ನೋಡ್ರಲೇ ಆಕಿ."