ಸೀಸೆಯೊಳಗಿನ ಸಂಬಂಧ

ನೊಣ ಸಾಕುವವಳ ಮನೆಗೆ ನೊಣಕ್ಕಿಂತ ಹೆಚ್ಚಾಗಿ ಮುತ್ತುವವರು ಬುದ್ಧಿವಂತರು. ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಪಾಠ ಹೇಳುತ್ತ, ಮೈಸೂರಿನ ನನ್ನ ಪ್ರೊಫೆಸರರ ಸಂಶೋಧನೆಗಾಗಿ ಹಣ್ಣಿನ ನೊಣ ಹಿಡಿಯುವ ನನಗೆ ಇದು ತಪ್ಪಿದ್ದಲ್ಲ. ನಾನು ಬಾಡಿಗೆಗಿದ್ದ ಮನೆಯ ಯಜಮಾನರ ಕಥೆಯನ್ನಷ್ಟೇ ಹೇಳುತ್ತೇನೆ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು. ಅವರ ಹಜಾರಕ್ಕಿನ್ನೂ ಬಂದಿರಲಿಲ್ಲ.

೧. ಮರ್ಯಾದೆ

ಅವರ ಹಿತ್ತಲ ಬಾಳೆಗೊನೆಯಲ್ಲೇ ಎರಡು ಬಗೆಯ ನೊಣ ಸಿಕ್ಕವು. ನೋಡಲು ಒಂದೇ ತಾಯಿಯ ಮಕ್ಕಳ ಹಾಗೆ. ಒಂದು ಬಗೆಯ ಗಂಡನ್ನು ಇನ್ನೊಂದು ಬಗೆಯ ಹೆಣ್ಣಿನ ಜೊತೆ ಖಾಲಿ ಹಾಲಿನ ಸೀಸೆಯಲ್ಲಿಟ್ಟೆ. ಎಷ್ಟು ಕಾದರೂ ಮರಿಹುಳು ಕಾಣಲಿಲ್ಲ.

"ಯಾಕ್ ಮೇಷ್ಟ್ರಮ್ಮ?" ಎಂದರು ಯಜಮಾನರು.

"ಗಂಡು ರೆಕ್ಕೆ ಮಿಡಿದು ಕರೆಯುತ್ತೆ. ಆ ದನಿ ತನ್ನ ಬಳಗದ್ದಲ್ಲ ಅಂತ ಹೆಣ್ಣು ಒದ್ದು ಓಡಿಸುತ್ತೆ."

"ನೋಡ್ದಾ! ನೊಣುಕ್ಕೂ ಮರ್ಯಾದೆ ಅದೆ!" ಎಂದು ಹೆಂಡತಿಯತ್ತ ತಿರುಗಿದರು.

ಅವರ ಮಗಳಿಗೆ ಚಾಮರಾಜನಗರದ ಗಂಡು ಬಂದಿತ್ತು. ಹುಡುಗಿ ಒಪ್ಪಿದ್ದಳು. ಅದೇ ಲಿಂಗ, ಅದೇ ವಿಭೂತಿ, ಅದೇ ಮುದ್ದೆ. ಪಂಗಡ ಮಾತ್ರ ಬೇರೆ. ನನ್ನ ನೊಣವನ್ನೇ ಸಾಕ್ಷಿಗೆ ಎಳೆದು, "ಆಗಲ್ಲ" ಎಂದು ಹೇಳಿಕಳಿಸಿದರು. ಒಪ್ಪುವುದೂ ಒದೆಯುವುದೂ ಹೆಣ್ಣು, ಹೆಣ್ಣಿನ ಅಪ್ಪನಲ್ಲ ಎಂಬುದು ಮಾತ್ರ ಅವರ ಕಿವಿಗೆ ಬೀಳಲೇ ಇಲ್ಲ.

೨. ಗೋಡೆಯ ಕಡೆ

"ಚಾಮರಾಜನಗರದ್ ಗಂಡ್ನೊಣ ತಂದು ಇಲ್ಲಿ ಹೆಣ್ಣಿನ್ ಜೊತೆ ಬುಡಿ ಮೇಷ್ಟ್ರಮ್ಮ, ನೋಡ್ಬುಡನ," ಎಂದರು ಅವರ ಹೆಂಡತಿ.

ಯಜಮಾನರು ನಕ್ಕರು. "ಮರಿ ಆಗ್ಲಿ, ನಾನೇ ಓಗಿ ತಾಂಬೂಲ ಕೊಟ್ಟು ಬತ್ತೀನಿ. ಸಿವನಾಣೆ!"

ಚಾಮರಾಜನಗರದ ಗಂಡುನೊಣವನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು, ಇಲ್ಲಿಯ ಹೆಣ್ಣಿನ ಜೊತೆ ಹಜಾರದ ಸೀಸೆಯಲ್ಲಿ ಬಿಟ್ಟೆ. ಊರು ಬೇರೆ, ನೊಣದ ಬಗೆ ಒಂದೇ. ಬೆಳಗಾಗುವಷ್ಟರಲ್ಲಿ ಯಜಮಾನರು ಸೀಸೆಯನ್ನು ಗೋಡೆಗೆ ಒತ್ತರಿಸಿ ಮೇಲೆ ಪಂಚೆ ಹೊದಿಸಿದ್ದರು.

"ಇದೇನು ಯಜಮಾನರೇ?"

"ಹೆಣ್ಮಕ್ಳು ಓಡಾಡೋ ಮನೆ ಕಣಮ್ಮ. ಅವುಕ್ಕಿನ್ನೂ ತಾಂಬೂಲಾನೇ ಆಗಿಲ್ಲ!"

೩. ಬೀಗರು

ವಾರ ಕಳೆದು ಪಂಚೆ ತೆಗೆದರೆ ಸೀಸೆಯ ತುಂಬ ಮರಿಹುಳು ಮಿಜಿಗುಟ್ಟುತ್ತಿದ್ದವು.

"ನೊಣುಕ್ಕೆ ಏನ್ ಮರ್ಯಾದೆ, ಬುಡಮ್ಮ," ಎಂದರು ಯಜಮಾನರು.

"ಓದ್ ತಿಂಗ್ಳು ಇತ್ತಲ್ಲ, ಎಲ್ಗೋಯ್ತು?" ಎಂದ ಹೆಂಡತಿ ವೀಳ್ಯದ ತಟ್ಟೆಯನ್ನು ಕೈಗಿಟ್ಟು, ಅವರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡರು.

ಮದುವೆ ಆಯಿತು. ಊಟದ ಹೊತ್ತಿಗೆ ಉಗ್ರಾಣದ ಬಾಳೆಹಣ್ಣಿನ ರಾಶಿಗೆ ನೊಣ ಮುತ್ತಿತು. ಯಾವ ನೊಣ ಯಾವ ಊರಿನದೆಂದು ಸೂಕ್ಷ್ಮದರ್ಶಕ ಹಿಡಿದರೂ ನನ್ನ ಪ್ರೊಫೆಸರರು ಹೇಳಲಾರರು. ಯಜಮಾನರು ಬಾಗಿಲಲ್ಲೇ ನಿಂತು ಅಡುಗೆಯವನಿಗೆ ಕೂಗಿದರು:

"ಓಡಿಸ್ಲಾ ಅವುಗಳ್ನ! ನಮ್ಮೂರ್ ನೊಣ ಹಿಂಗ್ ಮೇಲ್ ಬಿದ್ದು ತಿನ್ನಲ್ಲ ಕಣ್ಲಾ. ಅವೆಲ್ಲ ಗಂಡಿನ್ ಕಡೇವು!"